ದೋಣಿಯಾಕೆಯನ್ನು ನಾವು ಬಿಟ್ಟುಹೋಗಲಿಲ್ಲ

ಸೋಮವಾರ, ಅಂಗಡಿ ತೆರೆಯುವ ಮುಂಚೆ

ನನ್ನ ಹಟಮಾರಿ ಮರಿಗೆ, ನಿನಗಿಂತ ಒಂದು ಕೈ ಹೆಚ್ಚೇ ಹಟವಿರುವ ಅಮ್ಮನ ಆಶೀರ್ವಾದ.

ನೀನು ಬರೆದ ಹೊಸ ಸಾಹಸದ ಆಟವನ್ನು ನಮ್ಮ ಭಾನುವಾರದ ಗುಂಪು ಆಡಿ ನೋಡಿತು. ಅದು ಪುಸ್ತಕವಾಗಿ ಅಚ್ಚಾಗುವಾಗ ಕೊನೆಯಲ್ಲಿ 'ಆಡಿ ಪರೀಕ್ಷಿಸಿದವರು' ಎಂದು ನಮ್ಮ ಹೆಸರು ಹಾಕಲು ಒಪ್ಪಿಗೆ ಕೇಳಿದ್ದೀಯ. ಒಪ್ಪಿಗೆ ಇಲ್ಲ. ಕೋಪ ಮಾಡಿಕೊಳ್ಳುವುದಿದ್ದರೆ ಮಾಡಿಕೋ, ಆದರೆ ಪೂರ್ತಿ ಓದಿ ಮಾಡಿಕೋ.

ಪರದೆ ಹೊಲಿಯುವ ನಮ್ಮ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಸುತ್ತ ಎಂದಿನಂತೆ ಕೂತೆವು. ನಿನ್ನ ಪುಟ ಓದಿ ಕಥೆ ನಡೆಸುವವಳು ನಾನು; ಒಂದೊಂದು ಪಾತ್ರವಾಗಿ, ಏನು ಮಾಡುತ್ತೇವೆ ಅಂತ ಹೇಳಿ ದಾಳ ಹಾಕುವವರು ಉಳಿದವರು. ಬಸ್ ಓಡಿಸುವ ಡ್ರೈವರಣ್ಣ ಕತ್ತಿವೀರನಾದ, ಲೆಕ್ಕದ ಮೇಷ್ಟ್ರು ಮಂತ್ರವಾದಿಯಾದರು, ನರ್ಸಮ್ಮ ಕಳ್ಳಿಯಾದಳು. ಮೊದಲ ಅಧ್ಯಾಯ ಚೆನ್ನಾಗಿಯೇ ಹೋಯಿತು. ತುಂಬಿ ಹರಿಯುವ ಹೊಳೆ, ಆಚೆ ದಡದಲ್ಲಿ ಮಾಟಗಾರನ ಗೋಪುರ, ದಾಟಿಸಲು ಒಬ್ಬ ಬಾಯಿಬಡುಕಿ ದೋಣಿಯಾಕೆ. ಅವಳು ಬಾಯಿ ತೆರೆದರೆ ಬರುವುದೆಲ್ಲ ನನ್ನ ಮಾತೇ! "ಮೊದ್ಲು ತಲೆ ಒರೆಸ್ಕೋ, ಆಮೇಲೆ ಶೌರ್ಯ ತೋರಿಸು" ಅಂತ ನಾನು ಓದಿದ್ದೇ ತಡ, ಮೂವರೂ ನನ್ನ ಮುಖ ನೋಡಿ ಬಿದ್ದು ಬಿದ್ದು ನಕ್ಕರು.

ಎರಡನೆಯ ಅಧ್ಯಾಯದಲ್ಲಿ ದೋಣಿ ಮುಳುಗಬೇಕು, ಅವಳು ಸಾಯಬೇಕು, ಇವರು ಸೇಡು ತೀರಿಸಿಕೊಳ್ಳಲು ಗೋಪುರಕ್ಕೆ ಹೋಗಬೇಕು. ನನ್ನನ್ನು ಕೊಂದದ್ದಕ್ಕೆ ಬೇಜಾರಿಲ್ಲ ಮರಿ, ಕಥೆಯಲ್ಲಿ ತಾನೇ. ಆದರೆ ನರ್ಸಮ್ಮ ಹಗ್ಗ ಎಸೆದಳು. ದಾಳದಲ್ಲಿ ಅತಿ ದೊಡ್ಡ ಸಂಖ್ಯೆ ಬಿತ್ತು, ಅಂದರೆ ಗೆದ್ದಂತೆ. ನಿನ್ನ ಪುಟದಲ್ಲಿ ಏನಿತ್ತು? ದಾಳ ಏನೇ ಬಿದ್ದರೂ ಹಗ್ಗ ತುಂಡಾಗುತ್ತದೆ. ತುಂಡು ಮಾಡಿದೆ. ನರ್ಸಮ್ಮನ ಮುಖ ಸಣ್ಣದಾಯಿತು. ಹಳ್ಳಿಗೆ ವಾಪಸ್ ಹೋಗಿ ಜನ ಕರೆತರೋಣ ಅಂದರು ಮೇಷ್ಟ್ರು. ಬಿರುಗಾಳಿ ಎಬ್ಬಿಸಿ ದಾರಿ ಮುಚ್ಚು ಅಂತ ನೀನು ಬರೆದಿದ್ದೆ, ನಾನು ಎಬ್ಬಿಸಿದೆ. ಕಾಡಿನತ್ತ ತಿರುಗಿದರು. ಅಲ್ಲೂ ಬಿರುಗಾಳಿ! ಆಗ ಡ್ರೈವರಣ್ಣ ದಾಳವನ್ನು ನನ್ನ ಕಡೆ ತಳ್ಳಿ, "ಏನ್ ಟೈಲರಮ್ಮ, ಸ್ಟೀರಿಂಗ್ ಎತ್ತ ತಿರುಗಿಸಿದ್ರೂ ಅದೇ ಗೋಪುರಕ್ಕೆ ಹೋಗೋದಾದ್ರೆ ನಮ್ಮನ್ಯಾಕೆ ಕೂರಿಸ್ಕೊಂಡಿದೀರ? ವಾರ ಪೂರ್ತಿ ಒಂದೇ ರೂಟಲ್ಲಿ ಓಡಿಸಿ ಸಾಕಾಗಿದೆ. ನೀವೇ ಓದ್ಬಿಡಿ, ನಾವು ಟೀ ಕುಡೀತಾ ಕೇಳ್ತೀವಿ" ಅಂದ.

ನಾನು ಹಾಳೆಗಳನ್ನು ಬೋರಲು ಹಾಕಿ, ಹಗ್ಗ ತುಂಡಾಗಲಿಲ್ಲ, ದೋಣಿ ಸಮೇತ ದೋಣಿಯಾಕೆ ದಡ ಸೇರಿದಳು ಅಂದೆ.

"ಅಮ್ಮ, ದಾರಿ ತೋರಿಸ್ದಿದ್ರೆ ಹೊಸಬ್ರು ಕಂಗಾಲಾಗ್ತಾರೆ, ನಿಂಗೆ ಇದೆಲ್ಲ ಗೊತ್ತಾಗಲ್ಲ" ಅಂತ ಫೋನಿನಲ್ಲಿ ಅಂದೆಯಲ್ಲ, ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಅದರ ಮರು ಭಾನುವಾರ ಎಲ್ಲ ದಾರಿಗಳನ್ನೂ ತೆರೆದಿಟ್ಟು, ಎಲ್ಲಿಗಾದರೂ ಹೋಗಿ ಅಂದೆ. ದೋಣಿಗೆ ಯಾವ ಬಣ್ಣ ಬಳಿಯಬೇಕು ಅಂತ ಜಗಳವಾಡುತ್ತ ಕೂತರು! ಮೇಷ್ಟ್ರು ಆಕಳಿಸಿದರು. ಆಗ ಹೊಳೆಯನ್ನು ಏರಿಸಿದೆ. ಅವರನ್ನು ಅಟ್ಟಲಿಕ್ಕಲ್ಲ. ಇವರು ಕೂತರೂ ನಿಂತರೂ ನೀರು ಏರುತ್ತದೆ, ಸುಮ್ಮನಿದ್ದರೆ ಹಳ್ಳಿ ಮುಳುಗುತ್ತದೆ, ಅಷ್ಟೇ. ಮಾಟಗಾರನಿಗೆ ಏನು ಬೇಕು, ದೋಣಿಯಾಕೆಗೆ ಏನು ಬೇಕು ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ. ಮುಂದಿನದು ಅವರ ಪಾಡು.

ಏನು ಮಾಡಿದರು ಗೊತ್ತೇ? ದೋಣಿಯಾಕೆಯನ್ನು ಕರೆದುಕೊಂಡು ನೇರ ಗೋಪುರಕ್ಕೇ ಹೋದರು! ನೀನು ಅಟ್ಟಿದಾಗ ಹೋಗದವರು ತಾವಾಗಿಯೇ ಹೋದರು. ಮಾಟಗಾರನನ್ನು ಕೊಲ್ಲಲಿಲ್ಲ, ನೆರೆ ಇಳಿಯುವವರೆಗೆ ಹಳ್ಳಿಯವರಿಗೆಲ್ಲ ಬಾಗಿಲು ತೆರೆ ಅಂತ ಪಟ್ಟು ಹಿಡಿದರು. ಅವನು ಇಲ್ಲದ ನೆಪವೆಲ್ಲ ಹೇಳಿದ. ದೋಣಿಯಾಕೆ ಬೈದ ಬೈಗುಳಕ್ಕೆ ಕೊನೆಗೂ ತೆರೆದ. (ಆ ಬೈಗುಳ ನಿನ್ನದಲ್ಲ, ನನ್ನ ಸ್ವಂತದ್ದು.) ಎಂದೂ ದನಿ ಎತ್ತದ ನರ್ಸಮ್ಮ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದಳು. ಇದನ್ನು ನೀನು ಮೊದಲೇ ಬರೆದಿಡಲಾರೆ, ನಾನೂ ಬರೆದಿಡಲಾರೆ. ಅದು ಮೇಜಿನ ಮೇಲೇ ಹುಟ್ಟಬೇಕು.

ಆದ್ದರಿಂದ ಬಿರುಗಾಳಿಗಳನ್ನು ತೆಗೆ. ಇಲ್ಲವಾದರೆ ನಮ್ಮ ಹೆಸರು ತೆಗೆ. ಅಂಥ ಹೊಳೆ, ಅಂಥ ಗೋಪುರ, ಅಂಥ ಬಾಯಿಬಡುಕಿಯನ್ನು ಸೃಷ್ಟಿಸಿದವಳಿಗೆ ಆಡುವವರ ಕಿವಿ ಹಿಡಿದು ಎಳೆದುಕೊಂಡು ಹೋಗುವ ದರ್ದೇನಿದೆ?

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇನ್ನೂ ಗಟ್ಟಿಮುಟ್ಟಾಗಿರುವ
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬೇಕೆಂದೇ ಕೊನೆಗೆ ಇಟ್ಟುಕೊಂಡದ್ದು. ನಿನ್ನ ಸಂಪಾದಕಿ ಮೊನ್ನೆ ಫೋನ್ ಮಾಡಿ ಆಟ ಹೇಗಿತ್ತು ಅಂತ ಕೇಳಿದರು. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಬಿರುಗಾಳಿ ಹಾಕಿಸಿದ್ದು ಸ್ವತಃ ತಾವೇ ಅಂತಲೂ, ನೀನು ಮೊದಲು ಕಳಿಸಿದ ಪ್ರತಿಯಲ್ಲಿ ಒಂದೂ ಇರಲಿಲ್ಲ ಅಂತಲೂ ಒಪ್ಪಿಕೊಂಡರು. ಅಲ್ಲವೇ, ನನ್ನೆದುರು ಮಾತಿಗೆ ಮಾತು ಕೊಡುವವಳು ಅಲ್ಲಿ ತಲೆ ಆಡಿಸಿ ಬಂದೆಯಾ? ಬರುವ ಭಾನುವಾರ ಅವರು ನಮ್ಮ ಮೇಜಿಗೆ ಬರುತ್ತಿದ್ದಾರೆ. ನೀನೂ ಬಾ, ಆ ಮೊದಲ ಪ್ರತಿ ಹಿಡಿದುಕೊಂಡು. ಈ ಸಲ ನಾನು ಆಡುವವರ ಸಾಲಿನಲ್ಲಿ ಕೂರುತ್ತೇನೆ. ಅವರೆದುರೇ ಕಥೆ ನಡೆಸು.