ಬಿದ್ದ ಗೋಡೆಗೊಂದು ಕಿಟಕಿ

ಪಾರಂಪರಿಕ ಕಟ್ಟಡಗಳ ಸಂರಕ್ಷಣಾಧಿಕಾರಿಗಳಿಗೆ,

ಮಾನ್ಯರೇ, ಗೋಡೆ ತಾನಾಗಿ ಬಿದ್ದರೆ ಅದು ಕಾಲಧರ್ಮ, ಬಿದ್ದ ಜಾಗದಲ್ಲಿ ನಾನೊಂದು ಕಿಟಕಿ ಇಟ್ಟರೆ ಅಪರಾಧ. ಕಿಟಕಿಗೆ ಅನುಮತಿ ಕೇಳಿದ ನನ್ನ ಅರ್ಜಿಗೆ ನಿಮ್ಮ ಕಚೇರಿ ಕೊಟ್ಟ ಉತ್ತರದ ಸಾರ ಇಷ್ಟೇ ತಾನೆ? ನಮ್ಮ ಬೀದಿಯ ಕೊನೆಯಲ್ಲಿರುವ ಪಾಳುಬಿದ್ದ ಹಳೆಯ ಮನೆಯನ್ನು ಕೊಳ್ಳಬೇಕೆಂದಿರುವ, ಇನ್ನೂ ಕೊಳ್ಳದಿರುವ ಮುದುಕ ನಾನೇ. ‘ಸ್ಟೇಟಸ್ ಕೋ ಕಾಪಾಡತಕ್ಕದ್ದು’ ಎಂದು ಬರೆದಿದ್ದೀರಿ. ಕಾಲೇಜಿನಲ್ಲಿ ಈ ಪದವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲೂ ಬರೆದಿದ್ದೆ. ಅರ್ಥ ಮಾತ್ರ ಡಿಗ್ರಿಯ ಜೊತೆಗೇ ಕೈತಪ್ಪಿತು. ಮಗಳನ್ನು ಕೇಳಿದೆ. “ಇದ್ದದ್ದು ಇದ್ದಂಗೇ ಇರ್ಬೇಕು ಅಂತ, ಅಪ್ಪಾ” ಎಂದಳು. ಸರಿ, ಒಪ್ಪಿದೆ. ಆದರೆ ಈ ಆದೇಶವನ್ನು ಆ ಮನೆಗೆ ಯಾರು ತಿಳಿಸಿದ್ದೀರಿ? ನಿಮ್ಮ ಪತ್ರ ಬಂದ ಮೇಲೂ ಅದು ಹೆಂಚು ಉದುರಿಸುತ್ತಲೇ ಇದೆ.

ಈ ಹುಚ್ಚಿನ ಮೂಲ ನನ್ನ ಹೆಂಡತಿ. ಆಕೆ ತೀರಿಕೊಂಡು ಮೂರು ವರ್ಷವಾಯಿತು, ಆದ್ದರಿಂದ ನೋಟೀಸು ಕಳಿಸುವುದಿದ್ದರೆ ನನಗೇ ಕಳಿಸಿ. ನನ್ನದು ಕನ್ನಡಕದ ಅಂಗಡಿ. ಸಂಜೆ ಬಾಗಿಲೆಳೆದು ಇಬ್ಬರೂ ನಡೆದು ಬರುವಾಗ ಆಕೆ ಆ ಮನೆಯ ಪಕ್ಕದ ಓಣಿಯಲ್ಲಿ ನಿಂತೇ ಬಿಡುತ್ತಿದ್ದಳು. ಮುಂಭಾಗದಲ್ಲಿ ಕಿಟಕಿಗಳ ಸಾಲು. ಓಣಿಯ ಕಡೆ ಬೋಳು ಗೋಡೆ, ಅದರ ನೆತ್ತಿಯ ಮೇಲೊಂದು ಹೊಗೆಗೂಡು.

“ಅಡುಗೆಮನೆ ಇಲ್ಲೇ ಇದೆ ನೋಡ್ರೀ. ಬೆಳಕಿಗೆ ಒಂದು ಕಿಂಡೀನೂ ಬಿಟ್ಟಿಲ್ಲ ಪುಣ್ಯಾತ್ಮ. ಕಟ್ಟಿಸಿದೋನು ಒಂದಿನಾದ್ರೂ ಒಲೆ ಮುಂದೆ ನಿಂತಿದ್ನಾ?”

“ಬಿಡು, ನಾವೇ ಕೊಂಡ್ಕೊಂಡು ಕಿಟಕಿ ಇಡ್ಸೋಣ” ಎನ್ನುತ್ತಿದ್ದೆ.

“ಮೊದ್ಲು ನಮ್ಮನೆ ಬಚ್ಚಲ ನಲ್ಲಿ ರಿಪೇರಿ ಮಾಡ್ಸಿ, ಆಮೇಲೆ ಅರಮನೆ ಕೊಳ್ಳೋರಂತೆ!”

ನಲ್ಲಿ ಇವತ್ತಿಗೂ ಸೋರುತ್ತಿದೆ. ಅರಮನೆ ಮಾತ್ರ ಮಾರಾಟಕ್ಕೆ ಬಂದಿದೆ. ಮಾಲೀಕರು ಬೀಗದ ಕೈ ಕೊಟ್ಟು, “ನೋಡ್ಕೊಂಡ್ ಬನ್ನಿ, ತಲೆ ಮೇಲೆ ಮಾತ್ರ ಗಮನ ಇರ್ಲಿ” ಎಂದರು. ತಲೆಯ ಮೇಲೇ ಗಮನವಿಟ್ಟು ನಡೆದದ್ದರಿಂದ ಕೊಳೆತ ಹಲಗೆಯಲ್ಲಿ ಕಾಲು ಹೂತು ಪಡಸಾಲೆಯ ನಡುವೆ ಗೂಟದ ಹಾಗೆ ನಿಂತೆ. ಹೇಗೋ ಕಾಲು ಬಿಡಿಸಿಕೊಂಡು, ಕುಂಟುತ್ತ ಅಡುಗೆಮನೆಗೆ ಹೋದರೆ ಒಲೆಕಟ್ಟೆಯ ಮೇಲೆ ಬಿಸಿಲು! ಆಕೆ ಹೋದ ಮೇಲೆ ಆ ಓಣಿಗೆ ನಾನು ಕಾಲಿಟ್ಟಿರಲಿಲ್ಲ. ಆಕೆ ಬೆರಳು ತೋರಿಸುತ್ತಿದ್ದ ಜಾಗದಲ್ಲೇ ಗೋಡೆ ಕುಸಿದು, ತಲೆ ಹೊರಗೆ ಹಾಕುವಷ್ಟು ಅಗಲಕ್ಕೆ ಬಾಯಿ ತೆರೆದಿತ್ತು. ಹಾಕಿದೆ. ಓಣಿಯಲ್ಲಿ ಹೋಗುತ್ತಿದ್ದ ಇಸ್ತ್ರಿಯವನು ಗಂಟು ಇಳಿಸದೆ ಕೇಳಿದ, “ಏನ್ ಯಜಮಾನ್ರೇ, ಅಡುಗೆ ಆಯ್ತಾ?”

ಮನೆಯಲ್ಲಿ ನಾನು ಯಾರನ್ನಾದರೂ ಹಾಗೆ ಕೇಳಿ ಎಷ್ಟೋ ಕಾಲವಾಗಿತ್ತು. ಕೊಂಡುಬಿಡೋಣ ಎನ್ನಿಸಿತು. ಜಾಣರು ಮನೆ ಕೊಳ್ಳುವ ಮುಂಚೆ ಅಡಿಪಾಯ ನೋಡುತ್ತಾರೆ, ಗೆದ್ದಲು ನೋಡುತ್ತಾರೆ. ಊರಿನವರಿಗೆಲ್ಲ ಕಣ್ಣು ಸರಿಮಾಡಿ ಕಳಿಸಿದ ನಾನು ಒಂದು ತೂತು ನೋಡಿ ಮನಸೋತೆ.

ಆ ತೂತನ್ನೇ ಹಳೆಯ ಇಟ್ಟಿಗೆ, ಸುಣ್ಣದ ಗಾರೆಯಿಂದ ‘ಮೂಲ ಸ್ವರೂಪದಂತೆ’ ಮುಚ್ಚಬೇಕು ಎನ್ನುತ್ತೀರಿ. ವಿತ್ ಡ್ಯೂ ರೆಸ್ಪೆಕ್ಟ್ ಕೇಳುತ್ತೇನೆ: ಕತ್ತಲೆಯೂ ಪಾರಂಪರಿಕವೇ? ಹೆಬ್ಬಾಗಿಲಲ್ಲಿ ನೀವು ಹಾಕಿಸಿದ ಫಲಕದಲ್ಲಿ ಇಲ್ಲೊಬ್ಬ ನ್ಯಾಯಾಧೀಶರು ವಾಸವಾಗಿದ್ದರು ಎಂದಿದೆ. ಬಹಳ ಸಂತೋಷ. ಅವರು ಬೆಳಕಿನಲ್ಲಿ ಕೂತು ತೀರ್ಪು ಬರೆಯುವಾಗ ಹಿಂದೆ ಹೊಗೆಯಲ್ಲಿ ಕೆಮ್ಮುತ್ತಿದ್ದವರು ಯಾರು? ಅವರೂ ಅದೇ ಮನೆಯಲ್ಲಿ ವಾಸವಾಗಿದ್ದರಲ್ಲವೇ? ನ್ಯಾಯಾಧೀಶರ ಒಂದು ಕಿಟಕಿಯ ಕೊಂಡಿಯನ್ನೂ ಮುಟ್ಟುವುದಿಲ್ಲವೆಂದು ಬರೆದುಕೊಡುತ್ತೇನೆ. ಒಲೆಯ ಮುಂದೆ ನಿಂತವರಿಗೆ ಒಂದು ಕಿಟಕಿ ಕೊಟ್ಟರೆ ಇತಿಹಾಸದ ಗಂಟೇನು ಹೋಗುತ್ತದೆ?

ಇದನ್ನೆಲ್ಲ ಮಗಳ ಮುಂದೆ ಆವೇಶದಿಂದ ಓದಿದೆ. “ಅಪ್ಪಾ, ನಿಂಗೆ ನೆಟ್ಟಗೆ ಟೀ ಕಾಯ್ಸೋಕೆ ಬರಲ್ಲ. ಅಡುಗೆಮನೆ ಕಿಟಕಿಗೆ ಸರ್ಕಾರದ ಜೊತೆ ಜಗಳ. ಕಿಟಕಿ ಬೇಕಿದ್ದಿದ್ದು ಅಮ್ಮಂಗೆ ಕಣಪ್ಪ.”

“ಗೊತ್ತು ಕಣೆ.”

“ಗೊತ್ತಿದ್ರೆ ಸರಿ” ಎಂದವಳು ಪತ್ರವನ್ನು ನನ್ನ ಕೈಯಿಂದ ತೆಗೆದಿಟ್ಟು, “ಟೀ ಕಾಯ್ಸೋದಾದ್ರೂ ಕಲಿ” ಎಂದಳು.

ಈಗ ನಿಜ ಹೇಳುತ್ತೇನೆ. ನಿಮ್ಮ ನಿರಾಕರಣೆ ಕೈಗೆ ಬಂದಾಗ ಸಿಟ್ಟಿನ ಜೊತೆಗೆ ಒಂದಿಷ್ಟು ನಿರಾಳವೂ ಆಯಿತು. ಇನ್ನು ಮುಂದೆ ಸಿಕ್ಕಸಿಕ್ಕವರಿಗೆಲ್ಲ ‘ನಾನಂತೂ ಕೊಂಡೇ ಬಿಡ್ತಿದ್ದೆ, ಆಫೀಸಿನವರು ಬಿಡ್ಲಿಲ್ಲ’ ಎನ್ನಬಹುದು. ಸೂರು ಸೋರುವುದಿಲ್ಲ, ಬೆನ್ನು ನೋಯುವುದಿಲ್ಲ, ಆ ಒಲೆಯ ಮುಂದೆ ಒಬ್ಬನೇ ನಿಲ್ಲುವ ಪ್ರಸಂಗವೂ ಬರುವುದಿಲ್ಲ. ಬೈಯುವುದಕ್ಕೆ ನೀವಿರುತ್ತೀರಿ. ಮುದುಕನಿಗೆ ಇದಕ್ಕಿಂತ ಸುಖದ ಏರ್ಪಾಡು ಉಂಟೇ?

ಆ ಸುಖವನ್ನು ನನ್ನಿಂದ ಕಿತ್ತುಕೊಳ್ಳಿ ಎಂಬುದೇ ನನ್ನ ಬೇಡಿಕೆ. ಮಾಲೀಕರು ಈ ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ. ಅಷ್ಟರೊಳಗೆ ತಾವೇ ಖುದ್ದಾಗಿ ಬಂದು ಆ ಅಡುಗೆಮನೆಯಲ್ಲಿ ನಿಲ್ಲಿ. ಟಾರ್ಚು ಬೇಕಿಲ್ಲ, ಸದ್ಯಕ್ಕೆ ಬೆಳಕಿದೆ. ಆಮೇಲೆ ಗೋಡೆ ಮುಚ್ಚಿಸಲು ಮನಸ್ಸು ಬಂದರೆ ಮುಚ್ಚಿಸಿ. ಬಾರದಿದ್ದರೆ ಕಿಟಕಿಗೆ ಅನುಮತಿ ಬರೆದುಕೊಡಿ. ಅದಾದ ಮೇಲೂ ನಾನು ಮನೆ ಕೊಳ್ಳದಿದ್ದರೆ, ತಡೆದವರು ನೀವಲ್ಲವೆಂದು ಇಡೀ ಬೀದಿಗೆ ತಿಳಿಯುತ್ತದೆ. ನನಗೂ ತಿಳಿಯುತ್ತದೆ.

‘ಯುವರ್ಸ್ ಒಬೀಡಿಯೆಂಟ್‌ಲಿ’ ಎಂದು ಮುಗಿಸಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಕೈ ಬರುತ್ತಿಲ್ಲ, ಕ್ಷಮಿಸಿ.

ಇಂತಿ,
ಇನ್ನೂ ಮುಂಗಡ ಕೊಡದೆ ಓಣಿಯಲ್ಲೇ ಸುಳಿದಾಡುತ್ತಿರುವ
ಕನ್ನಡಕದ ಅಂಗಡಿಯವ