ಭಾರತ ಹುಣ್ಣಿಮೆಗೆ ನಾನು ಬರುವುದಿಲ್ಲ

ಕುರ್ಲಾ, ಮುಂಬಯಿ
ತಾ. ೨೫-೧೧-೧೯೫೬, ರವಿವಾರ

ಪ್ರೀತಿಯ ತಂಗಿ ಚನ್ನವ್ವನಿಗೆ ನಿನ್ನ ಅಕ್ಕ ಮಲ್ಲವ್ವ ಮಾಡುವ ಆಶೀರ್ವಾದ.

ದಸರೆಗೆ ಬಂದ ನಿನ್ನ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಈ ಸಲ ನೆರೆಮನೆಯ ಸಂಗಪ್ಪಣ್ಣನ ಕೈಯಲ್ಲಿ ಬರೆಸಿಲ್ಲ, ನಾನೇ ಬರೆದದ್ದು! ಮಿಲ್ಲಿನ ಹೆಂಗಸರಿಗೆಂದು ನಮ್ಮ ಚಾಳಿನಲ್ಲಿ ನಡೆಸುವ ಅಕ್ಷರದ ವರ್ಗಕ್ಕೆ ಎರಡು ವರ್ಷ ಹೋದೆ. ಸಾಲು ಸೊಟ್ಟಗಿದ್ದರೆ ಬೇಕಾದಷ್ಟು ನಗು, ಆದರೆ ಕೊನೆಯವರೆಗೂ ಓದು. ಇಷ್ಟು ಬರೆಯಲು ನನಗೆ ಎರಡು ರವಿವಾರ ಹಿಡಿದವು.

ನಿನ್ನ ಗಂಡ ಊರಿಗೆ ಬಂದು ಏನೇನು ಹೇಳಿದನೋ ಕಾಣೆ. ಮುರಿಗೆಪ್ಪನ ಸ್ವಭಾವ ಗೊತ್ತಲ್ಲ, ತಾನು ಸೋತ ಭಾಗವನ್ನು ನುಂಗಿರುತ್ತಾನೆ. ಪೂರ್ತಿ ನನ್ನಿಂದ ಕೇಳು.

ದೀಪಾವಳಿಯಾದ ವಾರಕ್ಕೆ ಬಂದವನು ಚಹಾ ಕುಡಿದು, ಗಂಟು ಬಿಚ್ಚಿ ಕೆಂಪು-ಬಿಳಿ ಮುತ್ತಿನ ಸರವನ್ನು ನನ್ನ ಮುಂದಿಟ್ಟ. "ಅಕ್ಕಾರ, ಮೂರೂ ಹೆಣ್ಣ ಆದುವು. ಗಂಡಸುಮಗ ಇಲ್ಲದ ಮನೀನ ನಮ್ಮ ಅಣ್ಣತಮ್ಮರು ನುಂಗಿಬಿಡ್ತಾರ. ಭಾರತ ಹುಣ್ಣಿವಿ ಜಾತ್ರ್ಯಾಗ ಶೀಲಾವತೀನ ದೇವಿಗೆ ಬಿಡೂದು ಅಂತ ಮಾಡೇವಿ. ಮುತ್ತು ನಿಮ್ಮ ಕೈಲೇನ ಕಟ್ಟಬೇಕ್ರಿ" ಎಂದ.

ಹನ್ನೊಂದು ವರ್ಷದ ಕೂಸು, ಚನ್ನಿ! ನಮ್ಮ ಅಪ್ಪನಿಗೂ ಗಂಡುಮಕ್ಕಳಿರಲಿಲ್ಲ. ಅದೇ ವಯಸ್ಸಿನಲ್ಲಿ ನನಗೆ ಮುತ್ತು ಕಟ್ಟಿಸಿ, ಮದುವೆಯಿಲ್ಲದೆ ಮನೆಯಲ್ಲೇ ಇರಿಸಿ, ದೇವಿಗೆ ಬಿಟ್ಟವಳು ಆಸ್ತಿಗೂ ಮಣ್ಣಿಗೂ ಮಗನ ಲೆಕ್ಕವೆಂದು ಗಂಡುಮಗನ ಜಾಗಕ್ಕೆ ನನ್ನನ್ನು ಹಿಡಿದ. ಈಗ ನಾನು ಶೀಲಾವತಿಯ ಕೊರಳಿಗೆ ಕಟ್ಟಬೇಕಂತೆ. ಮೈಯೆಲ್ಲ ಉರಿದುಹೋಯಿತು. ಆದರೂ ಬೈಯಲಿಲ್ಲ. "ನಾಳಿ ಐತವಾರ, ಮಾಟುಂಗಕ್ಕ ಹೋಗೂಣು ಬಾ, ಇಡ್ಲಿ ತಿನ್ನಸ್ತೀನಿ" ಎಂದೆ. ಇಡ್ಲಿಯ ಆಸೆಗೆ ಬಂದ.

ಅಲ್ಲಿಯ ಕನ್ನಡ ಸಂಘದ ಓದುವ ಕೋಣೆಯಲ್ಲಿ ರವಿವಾರ ಮುಂಜಾನೆ ಉಡುಪಿ ಕಡೆಯ ವಕೀಲ ರಮಾನಾಥರಾಯರು ಕೂಡುತ್ತಾರೆ. ನಮ್ಮಂಥವರ ಕಾಗದಪತ್ರ ನೋಡಿ ಬುದ್ಧಿ ಹೇಳುತ್ತಾರೆ. ಎಲ್ಲ ಕೇಳಿಕೊಂಡು ಅವರು ಮುರಿಗೆಪ್ಪನನ್ನು, "ಅಣ್ಣತಮ್ಮಂದಿರ ಹತ್ರ ಪಾಲು ಆಗಿ ಉಂಟಾ?" ಎಂದು ಕೇಳಿದರು.

"ಆಗಿ ಆರು ವರ್ಷ ಆತ್ರಿ. ಕಾಗದಾನೂ ಐತಿ."

"ಮತ್ತೆ ಹೆದರಿಕೆ ಎಂತದು ಮಾರಾಯ್ರೇ? ಈ ಜೂನಿನಲ್ಲಿ ಹೊಸ ಕಾಯ್ದೆ ಬಂದಿದೆ. ನಿಮ್ಮ ನಂತರ ಮನೆ, ಹೊಲ ಎಲ್ಲ ಹೆಂಡತಿಗೆ, ಹೆಣ್ಣುಮಕ್ಕಳಿಗೆ, ಸಮಸಮ. ಅವರಿರುವಾಗ ಅಣ್ಣತಮ್ಮಂದಿರಿಗೆ ಒಂದು ಹಂಚೂ ಇಲ್ಲ."

"ಮದಿವ್ಯಾಗಿ ಹ್ವಾದ ಮಗಳಿಗೂ?"

"ಮದುವೆಯಾದರೆ ಮಗಳಲ್ಲದೆ ಹೋಗ್ತಾಳಾ?"

ಮುರಿಗೆಪ್ಪ ಸುಮ್ಮನೆ ಬಿಡುವವನೇ? ಎದೆ ಮುಂದೆ ಮಾಡಿ, "ನೀವು ಹೇಳೂದು ಮುಂಬಯಿ ಕಾಯ್ದೆರೀ. ನಾವು ಈ ತಿಂಗಳಿಂದ ಮೈಸೂರು ರಾಜ್ಯದವರು!" ಎಂದ. ಕೋಣೆಯಲ್ಲಿ ಪೇಪರು ಓದುತ್ತಿದ್ದವರೆಲ್ಲ ನಕ್ಕುಬಿಟ್ಟರು. ರಾಯರಿಗೂ ನಗು ತಡೆಯಲಿಲ್ಲ. "ಇದು ದಿಲ್ಲಿಯದ್ದು. ನೀವು ಮೈಸೂರಿಗೆ ಹೋದರೂ ಬಿಡುವುದಿಲ್ಲ. ಇನ್ನೊಂದು ಕೇಳಿ. ಹುಡುಗಿಯನ್ನು ದೇವರಿಗೆ ಬಿಡುವುದು ಇಪ್ಪತ್ತೆರಡು ವರ್ಷದ ಹಿಂದೆಯೇ ಅಪರಾಧ ಆಗಿದೆ. ಮಾಡಿಸಿದವರಿಗೆ ಜೈಲು."

ಮುರಿಗೆಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. "ಹಂಗಾರ ಮಗಳು ಮಗಳಾಗೇ ಇದ್ರೂ ಮನಿ ಉಳೀತೈತಿ?" ಎಂದು ಕೇಳಿದ. ನಂಬಿಕೆ ಬಾರದೆ ಮತ್ತೆರಡು ಸಲ ಕೇಳಿದ. ಪ್ರತಿಸಲವೂ ರಾಯರು ಹೌದು ಎಂದರು. ಗೆದ್ದೆ, ಚನ್ನಿ! ನಲವತ್ತು ಹತ್ತಿರ ಬಂದ ಹೆಂಗಸು ಎಂಬುದನ್ನೂ ಮರೆತು ಅಲ್ಲೇ ಕುಣಿಯಬೇಕೆನಿಸಿತು. ಯೂನಿಯನ್ನಿನವರು ನಮ್ಮ ರಜೆ ಗೆದ್ದುಕೊಟ್ಟ ದಿನವೂ ನನಗೆ ಇಷ್ಟು ಹಿಗ್ಗು ಆಗಿರಲಿಲ್ಲ.

ಆಮೇಲೆ ನಿನ್ನ ಗಂಡ ಮೂರು ಪ್ಲೇಟು ಇಡ್ಲಿ ತಿಂದ. ಕೈ ತೊಳೆಯುತ್ತ ತಾನೇ, "ಶೀಲಾಗ ಏಳನೇ ಇಯತ್ತೆ ತನಕ ಸಾಲಿ ಕಲಿಸಿ ಮುಲ್ಕಿ ಪರೀಕ್ಷಾ ಕಟ್ಟಿಸಿಬಿಡೂಣ್ರಿ" ಎಂದ. ಪುಣ್ಯಾತ್ಮ, ಮನಸ್ಸು ಕೆಟ್ಟದ್ದಲ್ಲ. ಆ ಮಾತಿನಿಂದ ಅವನು ಜಾರದಂತೆ ನೋಡಿಕೊಳ್ಳುವುದು ನಿನ್ನ ಕೆಲಸ. ಮುತ್ತಿನ ಸರ ನನ್ನ ಹತ್ತಿರವೇ ಇದೆ. ಕೇಳಿದರೂ ಕೊಡುವುದಿಲ್ಲ.

ಆದ್ದರಿಂದ ಭಾರತ ಹುಣ್ಣಿಮೆಗೆ ನಾನು ಬರುವುದಿಲ್ಲ. ಶೀಲಾವತಿ ಮುಲ್ಕಿ ಪಾಸಾದ ದಿನ ಕರೆ, ಊರಿಗೆಲ್ಲ ಹಂಚುವಷ್ಟು ಪೇಢೆ ತರುತ್ತೇನೆ. ಮಕ್ಕಳಿಗೆ ನನ್ನ ಮುದ್ದು. ನಿನ್ನ ಕುಂಕುಮ ಗಟ್ಟಿಯಾಗಿರಲಿ, ನಿನ್ನ ಹೆಣ್ಣುಮಕ್ಕಳು ಹೊಸಿಲೊಳಗೂ ಹೊರಗೂ ತಲೆಯೆತ್ತಿ ನಡೆಯಲಿ.

ನಿನ್ನ ಅಕ್ಕ,
ಮಲ್ಲವ್ವ

ತಾ.ಕ.: ಇದನ್ನು ನೀನೊಬ್ಬಳೇ ಓದು. ರೈಲು ಹತ್ತುವಾಗ ಮುರಿಗೆಪ್ಪ ಬಾಯಿ ಬಿಟ್ಟ. "ನನ್ನ ಮ್ಯಾಲ ಸಿಟ್ಟ ಮಾಡಬ್ಯಾಡ್ರಿ ಅಕ್ಕಾರ. ಇದು ಚನ್ನಿ ವಿಚಾರ. ಅಕ್ಕ ದೇವಿ ಹೆಸರಲೆ ಸುಖದಾಗ ಅದಾಳ, ಶೀಲಾನೂ ಹಂಗ ಇರಲಿ ಅಂದ್ಲು." ನೀನು ನಂಬಿದ್ದರಲ್ಲಿ ತಪ್ಪೇನಿದೆ? ಇಪ್ಪತ್ತು ವರ್ಷ ಸುಖವಾಗಿದ್ದೇನೆ ಎಂದು ಬರೆಸಿದವಳು ನಾನೇ. ಸಂಗಪ್ಪಣ್ಣ ಎಷ್ಟು ಒಳ್ಳೆಯವನಾದರೂ ಗಂಡಸು, ಅವನೆದುರು ಬೇರೆ ಏನು ಹೇಳಲಿ? ಮುತ್ತು ಕಟ್ಟಿಸಿಕೊಂಡವಳ ಬಾಗಿಲನ್ನು ಊರಿನ ಯಾವ ದೊಡ್ಡ ಮನುಷ್ಯನೂ ತಟ್ಟಬಹುದಾಗಿತ್ತು. ಅಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದ. ನಾನು ಮುಂಬಯಿಗೆ ಕೆಲಸ ಹುಡುಕಿಕೊಂಡು ಬಂದವಳಲ್ಲ, ಓಡಿ ಬಂದವಳು. ಆಗ ನೀನು ಚಿಕ್ಕವಳು, ನಿನಗೆ ಯಾರೂ ಹೇಳಲಿಲ್ಲ.

ಈ ವಿಚಾರ ನಿನ್ನದಾಗಿತ್ತೆಂದು ಶೀಲಾವತಿಗೆ ಎಂದೂ ಗೊತ್ತಾಗಬಾರದು. ಅದು ಮಗಳ ಮನಸ್ಸಿನಿಂದ ಹೋಗುವುದಿಲ್ಲ. ತನಗೆ ಮಗನಾಗಿ ಮಣ್ಣು ಕೊಡಲೆಂದು ಅಪ್ಪ ನನ್ನನ್ನು ದೇವಿಗೆ ಬಿಟ್ಟ. ಅವನು ಸತ್ತಾಗ ನಾನು ಬರಲಿಲ್ಲ, ಮಿಲ್ಲಿನಲ್ಲಿ ರಜೆ ಸಿಗಲಿಲ್ಲ ಎಂದು ಬರೆಸಿದ್ದೆ. ರಜೆ ಸಿಕ್ಕಿತ್ತು, ಚನ್ನಿ.