ಹದಿನಾಲ್ಕು ನಿಮಿಷದ ಕಾರ್ಡು

೫-೭-೫೬, ಗುರುವಾರ. ಬೆಳಿಗ್ಗೆ ಏಳೂವರೆ.

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಬೆಂಚಿನ ಕೆಳಗೆ ಮಲಗಿರುವ ನಾಯಿಯೇ, ಮೈಸೂರಿನ ಸಮಸ್ತ ಮಹಾಜನರೇ! ಕನ್ನಡದಲ್ಲಿ ಬಿ.ಎ. ಮಾಡಿ, ಛಂದಸ್ಸನ್ನು ಅರೆದು ಕುಡಿದು, ನಲವತ್ತೈದನೆಯ ವಯಸ್ಸಿನಲ್ಲಿ ಒಂಟಿಕೊಪ್ಪಲಿನ ಬಸ್ ಷೆಡ್ಡಿನಲ್ಲಿ ಗಡಿಯಾರ ಕಾಯುತ್ತಿರುವ ಅನಂತಪದ್ಮನಾಭನೆಂಬ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ — ಮೊದಲನೇ ಬಸ್ಸು ಇವತ್ತೂ ಲೇಟು.

ಕಾರಣ ಹೊಸ ಬೋರ್ಡು. ಊರೊಳಗೆ ಗಂಟೆಗೆ ಇಪ್ಪತ್ತೈದು ಮೈಲಿ ಇದ್ದದ್ದು ಒಂದನೇ ತಾರೀಖಿನಿಂದ ಹದಿನೈದಾಗಿದೆ. ಸಾಲದ್ದಕ್ಕೆ ಮೂರು ರಸ್ತೆ ಕೂಡುವ ಕಡೆ ಒಂದು ಸರ್ಕಲ್ಲು. ಗಿಡವಿಲ್ಲ, ಬೇಲಿಯಿಲ್ಲ, ಬರೀ ಮಣ್ಣಗುಡ್ಡೆ. ಡ್ರೈವರ್ ಜವರಯ್ಯ ಇಳಿದವನೇ ಟವಲು ಕೊಡವಿದ.

"ಟೈಮಯ್ಯನೋರೆ, ರಸ್ತೆ ಮಧ್ಯದಾಗೆ ತುಳಸಿಕಟ್ಟೆ ಕಟ್ಬುಟ್ಟವ್ರೆ. ಪ್ರದಕ್ಷಿಣೆ ಹಾಕ್ಕಂಡ್ ಬಂದೆ. ಲೇಟ್ ಬರ್ಕೊಳ್ಳೋರು ಪುಣ್ಯಾನೂ ಬರ್ಕೊಳಿ."

ಟೈಮಯ್ಯ ಅಂದರೆ ನಾನೇ. ಡ್ರೈವರುಗಳು ಇಟ್ಟ ಹೆಸರು. ಲಕ್ಷ್ಮೀಪುರಂನಿಂದ ಇಲ್ಲಿಗೆ ಮೂರೂವರೆ ಮೈಲಿ, ಏಳು ಸ್ಟಾಪು, ಮಧ್ಯೆ ಮಂಡಿ ಮೊಹಲ್ಲಾದ ಗಾಡಿ, ಮೂಟೆ, ಮಂದಿ. ಕಾರ್ಡಿನಲ್ಲಿ ಕೊಟ್ಟಿರುವುದು ಹದಿನಾಲ್ಕು ನಿಮಿಷ. ಮೂರು ಸಲ ಲೇಟಾದರೆ ಮೆಮೋ. ಮೂರು ಮೆಮೋ ಆದರೆ ಮನೆಗೆ.

ಮುಂದೆ ಬೋರ್ಡು, ಜೇಬಲ್ಲಿ ಕಾರ್ಡು, ನಡುವೆ ಜವರಯ್ಯನ ಪಾಡು. — ಪ್ರಾಸ ಪರವಾಗಿಲ್ಲ.

೮-೭-೫೬, ಭಾನುವಾರ.

ಟ್ರಯಲ್ ಆಯಿತು. ಬೋರ್ಡು ಬದಲಾದದ್ದರಿಂದ ಪರ್ಮಿಟ್ ಆಫೀಸಿಗೆ ಹೊಸ ಟೈಂ ಕಾರ್ಡು ಕೊಡಬೇಕು. ತುಂಬಿದ ಬಸ್ಸನ್ನು ಓಡಿಸಿ, ಗಡಿಯಾರ ನೋಡಿ ಬರೆಯಬೇಕೆಂದು ನಿಯಮ. ಬೆಳಿಗ್ಗೆ ಆರಕ್ಕೆ ನಮ್ಮ ಬಸ್ ಸರ್ವೀಸಿನ ಮಾಲೀಕರು, ಸಾಹುಕಾರ್ ರುದ್ರಸ್ವಾಮಿಯವರು ಬಂದರು — ತಮ್ಮ ಕಾರಿನಲ್ಲಿ.

"ಬಸ್ಸು?" ಅಂದೆ.

"ಅದಕ್ಕೂ ಚಕ್ರ ಅವೆ, ಇದಕ್ಕೂ ಚಕ್ರ ಅವೆ. ಕೂತ್ಕೊಳಿ ಸ್ವಾಮಿ."

ರಸ್ತೆಯಲ್ಲಿ ಎರಡು ಹಸು, ಒಬ್ಬ ಪೇಪರಿನವನು. ಎಲ್ಲೂ ನಿಲ್ಲಿಸಲಿಲ್ಲ. ಬೋರ್ಡು ಹೇಳಿದಂತೆ ಹದಿನೈದು ಮೈಲಿ ವೇಗದಲ್ಲೇ ಬಂದೆವು. ಹದಿನಾಲ್ಕು ನಿಮಿಷ! ಫಾರಂ ತುಂಬಿದೆ. ವಾಹನ: ಬಸ್ಸು. ಪ್ರಯಾಣಿಕರು: ಭರ್ತಿ. ಸಹಿ ನನ್ನದು. ಮಹಾಜನರೇ, ಸಾಹುಕಾರರು ಸ್ವಲ್ಪ ದಪ್ಪ. ಭರ್ತಿ ಎಂಬುದು ಪೂರ್ತಿ ಸುಳ್ಳಲ್ಲ.

೧೯-೭-೫೬. ಹನ್ನೊಂದು ಗಂಟೆ.

ಜವರಯ್ಯನಿಗೆ ಎರಡನೇ ಮೆಮೋ ಕೊಟ್ಟಿದ್ದೆ ನಿನ್ನೆ. ಓದಲಿಲ್ಲ, ಮಡಿಸಿ ಜೇಬಿಗೆ ಹಾಕಿಕೊಂಡ. "ನಾಳೆ ನನ್ ಪಕ್ಕ ಕುಂತ್ಕೊಂಡ್ ಬನ್ನಿ. ಆಮೇಲೆ ಮೂರನೇದೂ ನೀವೇ ಬರೀರಿ" ಅಂದ.

ಹೋದೆ. ಪೊಲೀಸಿನವನು ಕಾಣುವ ತನಕ ಹದಿನೈದು. ಅವನು ಮರೆಯಾದನೋ, ಮುಳ್ಳು ಇಪ್ಪತ್ತೈದು... ಮೂವತ್ತು. ಸ್ಟಾಪಿನಲ್ಲಿ ಜನ ಪೂರ್ತಿ ಹತ್ತುವ ಮುಂಚೆಯೇ ರೈಟ್. ಮಂಡಿ ಮೊಹಲ್ಲಾದಲ್ಲಿ ಒಂದು ಕೈಗಾಡಿ ಎಲ್ಲಿಂದಲೋ ಅಡ್ಡ ಬಂತು, ಎಲ್ಲಿಗೋ ಹೋಯಿತು. ನಾನು ನೋಡಲಿಲ್ಲ. ಕಣ್ಣು ಮುಚ್ಚಿದ್ದೆ.

"ಕಣ್ ಬುಡಿ ಸ್ವಾಮಿ. ಟೈಮ್ ನೋಡ್ಬೇಕಲ್ವಾ ನೀವು?"

ಸರ್ಕಲ್ಲಿನಲ್ಲಿ ಬಸ್ಸು ವಾಲಿದಾಗ ಹಿಂದೆ ಹೆಂಗಸರು ಕೂಗಿಕೊಂಡರು. ಆ ಕಡೆಯಿಂದ ಬರುವವರು ಗುಡ್ಡೆಯ ಮರೆಯಲ್ಲಿ ಕಾಣುವುದೇ ಇಲ್ಲ. ಜವರಯ್ಯನ ಕತ್ತಿನ ಮೇಲೆ ಬೆವರು. ಹದಿನೇಳು ವರ್ಷದ ಲೈಸೆನ್ಸು, ಒಂದು ಕಪ್ಪು ಚುಕ್ಕೆಯಿಲ್ಲ. ಇವನೂ ಹೆದರಿದ್ದಾನೆಂದು ಆಗ ಗೊತ್ತಾಯಿತು.

ಅಷ್ಟಾಗಿಯೂ ಹದಿನಾರು ನಿಮಿಷ. ಲೇಟ್.

ಬೋರ್ಡಿನ ಪ್ರಕಾರ ಬಂದಿದ್ದರೆ ಇಪ್ಪತ್ತೆರಡು ಬೇಕು. ಲೆಕ್ಕ ಹಾಕಿ ನೋಡಿದೆ. ಮತ್ತೆ ಹಾಕಿದೆ.

೨೩-೭-೫೬.

ಸಾಹುಕಾರರನ್ನು ಕೇಳಿದೆ. ಕಾರ್ಡಿನಲ್ಲಿ ಇಪ್ಪತ್ತೆರಡು ನಿಮಿಷ ಮಾಡೋಣ ಅಂತ.

"ಇನ್ನೊಂದ್ ಸರ್ವೀಸಿನವ್ರು ಹದಿನಾಲ್ಕಕ್ಕೇ ಓಡಿಸ್ತಾವ್ರೆ. ನಮ್ ಬಸ್ಸಿಗೆ ಯಾರ್ ಹತ್ತಾರೆ, ಹೇಳಿ?" ಆಮೇಲೆ ನಕ್ಕರು. "ಅಲ್ಲಾ ಸ್ವಾಮಿ, ಹದಿನಾಲ್ಕು ಅಂತ ಬರ್ದೋರು ನಾನಾ? ಸಹಿ ನಂದಾ?"

ಮೂರನೇ ಮೆಮೋ ಬರೆಯಲಿಲ್ಲ. ಹದಿನಾರನ್ನು ಹದಿನಾಲ್ಕು ಅಂತ ಗುರುತು ಹಾಕಿಕೊಂಡೆ. ಉಪಕಾರ ಮಾಡಿದೆನೋ, ಇನ್ನೂ ಓಡಿಸು ಅಂದೆನೋ... ತಿಳಿಯದು. ಪ್ರತಿ ಬಸ್ಸು ಒಳಗೆ ಬರುವ ತನಕ ಷೆಡ್ಡಿನ ಬಾಗಿಲಲ್ಲಿ ನಿಲ್ಲುತ್ತೇನೆ. ಬಂದ ಮೇಲೆ ಮುಂದಿನದಕ್ಕೆ ನಿಲ್ಲುತ್ತೇನೆ.

೧-೮-೫೬, ಬುಧವಾರ.

ಆಗಿಹೋಯಿತು. ಬೆಳಿಗ್ಗೆ ಏಳೂಕಾಲು. ಸರ್ಕಲ್ಲಿನಲ್ಲಿ. ದೇವಿರಮ್ಮ ಅಂತೆ, ಹಳ್ಳಿಯಿಂದ ಮೊಸರು ತರುವವಳು. ಗುಡ್ಡೆಯ ಮರೆಯಿಂದ ಬಂದಳಂತೆ. ಎಡಗಾಲಿನ ಮೇಲೆ ಜವರಯ್ಯನ ಬಸ್ಸಿನ ಹಿಂದಿನ ಚಕ್ರ.

ನಾನು ಷೆಡ್ಡಿನಲ್ಲಿದ್ದೆ. ಏಳು ಹತ್ತೊಂಬತ್ತಕ್ಕೆ ಬರಬೇಕಾದ ಬಸ್ಸಿಗಾಗಿ ಪೆನ್ಸಿಲು ಹಿಡಿದು ಕೂತಿದ್ದೆ.

೨-೮-೫೬.

ಆಸ್ಪತ್ರೆಗೆ ಹೋಗಿದ್ದೆ. ಬಾಗಿಲ ತನಕ. ಕಾಲು ತೆಗೆದಿದ್ದಾರೆ. ಜೀವಕ್ಕೆ ಭಯವಿಲ್ಲ ಅಂದರು ನರ್ಸು. ಹಿಂದಕ್ಕೆ ಬರುವಾಗ ನನ್ನ ಸಹಿಯ ಫಾರಂ ನೆನಪಾಯಿತು; ತಲೆಯೊಳಗೆ ಆಸ್ಪತ್ರೆ, ಸಾಕ್ಷಿಪತ್ರ, ಆಸ್ಪತ್ರೆ, ಸಾಕ್ಷಿಪತ್ರ ಅಂತ ಪ್ರಾಸ ತಾನಾಗಿ ಓಡುತ್ತಿತ್ತು. ನಿಲ್ಲಿಸಲು ಆಗಲಿಲ್ಲ. ಥೂ.

ಜವರಯ್ಯನ ಲೈಸೆನ್ಸು ಕಿತ್ತುಕೊಂಡಿದ್ದಾರೆ. ಜಾಮೀನಿನ ಮೇಲೆ ಬಿಟ್ಟಿದ್ದಾರೆ.

೯-೮-೫೬. ಸಂಜೆ.

ಜವರಯ್ಯನ ಹೆಂಡತಿ ಪುಟ್ಟತಾಯಮ್ಮ ಮನೆಗೆ ಬಂದಿದ್ದಳು. ಒಳಗೆ ಬಾ ಅಂದರೂ ಜಗಲಿಯಲ್ಲೇ ಕೂತಳು. ಹದಿನೇಳನೇ ತಾರೀಖು ಪರ್ಮಿಟ್ ಆಫೀಸಿನವರ ವಿಚಾರಣೆ. ಕಾರ್ಡು ಸರಿಯಾಗಿದ್ದರೆ ತಪ್ಪೆಲ್ಲ ಜವರಯ್ಯನದು: ಲೈಸೆನ್ಸು ಹೋಗುತ್ತದೆ, ಕೇಸೂ ಅವನ ಮೇಲೇ ಬೀಳುತ್ತದೆ. ಕಾರ್ಡೇ ಸುಳ್ಳಾದರೆ ಸರ್ವೀಸಿನವರನ್ನು ಹಿಡಿಯುತ್ತಾರೆ. ಸಾಹುಕಾರರನ್ನೂ. ನನ್ನನ್ನೂ.

"ನಮ್ಮೋರು ತಪ್ಪೇ ಮಾಡಿಲ್ಲ ಅನ್ನಕಿಲ್ಲ ಸ್ವಾಮಿ. ಜೋರಾಗ್ ಬಂದವ್ರೆ. ಯಾಕ್ ಬಂದ್ರು ಅಂತ ನಿಮ್ಗೊಬ್ರಿಗೇ ಗೊತ್ತಿರೋದು. ಅಷ್ಟ್ ಹೇಳ್ಬುಡಿ."

ನನ್ನಾಕೆ ಚೂಡಾಮಣಿ ಕಾಫಿ ತಂದುಕೊಟ್ಟಳು. ಪುಟ್ಟತಾಯಮ್ಮ ಹೋದ ಮೇಲೆ ಕೇಳಿದಳು, "ಏನ್ರೀ ಅದು, ನಿಮಗೊಬ್ಬರಿಗೇ ಗೊತ್ತಿರೋದು?"

ಹೇಳಿದೆ. ಕಾರು, ಭಾನುವಾರ, ಫಾರಂ, ಎಲ್ಲ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ಯಲಿಲ್ಲ.

"ಹಾಗೇ ಹೇಳಿಬಿಡಿ ಅಲ್ಲಿ. ಕೆಲಸ ಹೋದ್ರೆ ಹೋಗ್ಲಿ ಕಣ್ರೀ. ಪಾಠ ಹೇಳ್ಕೊಟ್ಕೊಂಡು ಬದುಕೋಣ."

ಅವಳು ಹೆದರಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು.

೧೬-೮-೫೬.

ಊಟ ಸೇರಲಿಲ್ಲ. ನಾಳೆ ಆಡುವ ಮಾತನ್ನು ಹನ್ನೆರಡು ಸಲ ಬರೆದೆ. "ಸ್ವಾಮಿ, ಟ್ರಯಲ್ ನಡೆದದ್ದು ಬಸ್ಸಿನಲ್ಲಲ್ಲ, ಕಾರಿನಲ್ಲಿ." ಐದೇ ಮಾತು. ಗಟ್ಟಿಯಾಗಿ ಹೇಳಿಕೊಂಡಾಗ ಐದನೆಯದು ಬರುವ ಮುಂಚೆಯೇ ಕಾಗದ ಮಡಿಸಿಟ್ಟೆ. ಸುಳ್ಳು ಸಹಿಗೆ ಎಷ್ಟು ದಿನ ಒಳಗೆ ಹಾಕುತ್ತಾರೆ? ಯಾರನ್ನು ಕೇಳುವುದು? ಕೇಳಿದರೇ ಅನುಮಾನ ಬರುತ್ತದೆ. ರಸ್ತೆಯಲ್ಲಿ ಹಾರ್ನ್ ಕೇಳಿದರೆ ಎದ್ದು ನಿಲ್ಲುತ್ತೇನೆ.

೧೭-೮-೫೬, ಶುಕ್ರವಾರ. ಮೂರು ಗಂಟೆ.

ಮಹಾಜನರು ಯಾರೂ ಇಲ್ಲ. ಯಾವತ್ತೂ ಇರಲಿಲ್ಲ. ಕೇಳಿದವರು ಒಬ್ಬರೇ, ಪರ್ಮಿಟ್ ಆಫೀಸಿನ ಕನ್ನಡಕದ ಸಾಹೇಬರು. ಮೆತ್ತಗೆ ಕೇಳಿದರು: "ಟ್ರಯಲ್ ಯಾವ ಗಾಡಿಯಲ್ಲಿ ಮಾಡಿದಿರಿ?"

ಬಸ್ಸಿನಲ್ಲಿ ಅಂದೆ.

"ಜನ ತುಂಬಿತ್ತೆ?"

ತುಂಬಿತ್ತು ಅಂದೆ.

ಸಾಹುಕಾರರು ಬಂದೇ ಇರಲಿಲ್ಲ. ಯಾರೂ ಗದರಲಿಲ್ಲ, ಯಾರೂ ಹೆದರಿಸಲಿಲ್ಲ. ನಿಜ ನಾಲಿಗೆಯ ಮೇಲೇ ಇತ್ತು. ನಾನೇ ನುಂಗಿದೆ. ಸಾಹೇಬರು ಬರೆದುಕೊಂಡರು. ಜವರಯ್ಯ ನನ್ನ ಕಡೆ ನೋಡಿದ. ಬಯ್ಗುಳವಿಲ್ಲ ಆ ಕಣ್ಣಿನಲ್ಲಿ. ತನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅನ್ನುವ ಹಾಗೆ ನೋಡಿದ.

ಮನೆ ಬಾಗಿಲಲ್ಲೇ ಚೂಡಾಮಣಿ. "ಹೇಳಿದ್ರಾ?"

ಹೇಳಿದೆ ಅಂದೆ.

ಕಣ್ಣೊರೆಸಿಕೊಂಡಳು. ಒಳಗೆ ಹೋಗಿ ಶಾವಿಗೆ ಹುರಿಯುತ್ತಿದ್ದಾಳೆ, ವಾಸನೆ ಇಲ್ಲಿಯ ತನಕ ಬರುತ್ತಿದೆ. ಪಾಯಸ ಮಾಡಿ ಪುಟ್ಟತಾಯಮ್ಮನ ಮನೆಗೆ ತಾನೇ ತೆಗೆದುಕೊಂಡು ಹೋಗುತ್ತಾಳಂತೆ. ಡಬ್ಬಿ ತೊಳೆದಿಟ್ಟಿದ್ದಾಳೆ. ಸೀರೆ ಬದಲಾಯಿಸುವುದರೊಳಗೆ ಎದ್ದು ಹೋಗಿ ಅವಳಿಗೆ ನಾನು ನಿಜ ಹೇಳಬೇಕು. ಇನ್ನೂ ಬರೆಯುತ್ತಲೇ ಇದ್ದೇನೆ.